ದನಿ ಕೆಲಸದ ಡೈರಿ: ಆಡಿಷನ್ ಇಲ್ಲದ ದಾರಿ

ದನಿ ಕೊಡುವ ನನ್ನ ಹವ್ಯಾಸ ಎಲ್ಲಿಗೆ ಬಂತು ಅಂದರೆ, ಸ್ಯಾಂಪಲ್ ಕಳಿಸಿ ಉತ್ತರಕ್ಕೆ ಕಾಯುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಮೊದಲು ಕೇಳುವುದು ‘ಹಿಂದೆ ಏನು ಮಾಡಿದ್ದೀರಿ?’ ಅಂತ. ಕೆಲಸ ಕೊಡುವವರೇ ಇಲ್ಲದಿದ್ದರೆ ತೋರಿಸುವುದು ಏನನ್ನು? ಅದಕ್ಕೇ ಲಿಬ್ರಿವಾಕ್ಸ್ ಸೇರಿದೆ.

2005ರಲ್ಲಿ ಹ್ಯೂ ಮೆಕ್‌ಗ್ವೈರ್ ಶುರು ಮಾಡಿದ ಯೋಜನೆ ಇದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದುತ್ತಾರೆ, ಯಾರು ಬೇಕಾದರೂ ಉಚಿತವಾಗಿ ಕೇಳಬಹುದು. ಓದಿದವರಿಗೆ ಹಣವಿಲ್ಲ, ರೆಕಾರ್ಡಿಂಗ್ ಮೇಲೆ ಹಕ್ಕೂ ಇಲ್ಲ. ‘ಸುಮ್ನೆ ಬಿಟ್ಟಿ ದುಡಿಮೆ’ ಎಂದು ಗೆಳೆಯನೊಬ್ಬ ಗೊಣಗಿದ. ಇರಲಿ, ಕೇಳಿಸಲು ಕೈಯಲ್ಲಿ ಏನೋ ಒಂದು ಇರುತ್ತದಲ್ವಾ?

ಮೊದಲು ಒಂದು ನಿಮಿಷದ ಪರೀಕ್ಷಾ ರೆಕಾರ್ಡಿಂಗ್ ಕಳಿಸಬೇಕು. ದನಿ ಇಂಪಾಗಿದೆಯೇ ಎಂದು ಯಾರೂ ಅಳೆಯುವುದಿಲ್ಲ. ನೋಡುವುದು ಫೈಲ್‌ನ ತಾಂತ್ರಿಕ ಅಳತೆ: 44.1 ಕಿಲೋಹರ್ಟ್ಸ್, ಮೋನೋ (ಒಂದೇ ಚಾನೆಲ್), 128 ಕೆಬಿಪಿಎಸ್ ಎಂಪಿ3, ಸದ್ದಿನ ಮಟ್ಟ 89 ಡೆಸಿಬಲ್ ಆಸುಪಾಸು, ಹಿನ್ನೆಲೆಯಲ್ಲಿ ಗದ್ದಲ ಇರಬಾರದು, ಅಷ್ಟೇ. ನನ್ನದು ಪಾಸಾಯಿತು.

ನನ್ನ ಸ್ಟುಡಿಯೋ ಎಂದರೆ ಬಟ್ಟೆ ತುಂಬಿದ ಬೀರು. ಬಾಗಿಲು ತೆರೆದು ಒಳಕ್ಕೆ ಮುಖ ಮಾಡಿ ಓದಿದರೆ ಗೋಡೆಯ ಪ್ರತಿಧ್ವನಿ ಬಹಳ ಕಡಿಮೆಯಾಗುತ್ತದೆ. ಪ, ಫ, ಭ ಬಂದಾಗ ಬಾಯಿಂದ ನುಗ್ಗುವ ಗಾಳಿ ಮೈಕಿಗೆ ಬಡಿದು ‘ಢಬ್’ ಎನ್ನುತ್ತದೆ. ಮೈಕನ್ನು ತುಟಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದ ಮೇಲೆ ಆ ಕಾಟ ತಪ್ಪಿತು. ಓದುವ ಮೊದಲು ಕೆಲವು ಸೆಕೆಂಡು ಬರೀ ಮೌನ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಆ ಮಾದರಿ ಹಿಡಿದು ಅಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ತಂತ್ರಾಂಶ ಹಿನ್ನೆಲೆಯ ಗುಂಯ್‌ಗುಡುವಿಕೆ ತೆಗೆಯುತ್ತದೆ. ಜಾಸ್ತಿ ತೆಗೆದರೆ ಮಾತ್ರ ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಫ್ಯಾನ್ ಆರಿಸಿ ಬೆವರುವುದೇ ವಾಸಿ.

ಓದುವುದಕ್ಕಿಂತ ಎಡಿಟಿಂಗ್‌ಗೇ ಹೆಚ್ಚು ಹೊತ್ತು ಹೋಗುತ್ತದೆ. ಈ ಬೇಸರದ ಭಾಗವನ್ನು ಯಾರೂ ಹೇಳುವುದಿಲ್ಲ.

ಒಂದು ಅಧ್ಯಾಯ ಮುಗಿದ ಮೇಲೆ ಇನ್ನೊಂದು ಕೆಲಸಕ್ಕೆ ಕೈಹಾಕಿದೆ. ಮನೆಯಲ್ಲೇ ಪುಟ್ಟ ಅನಿಮೇಷನ್ ಮಾಡುವ ಕೆಲವರಿಗೆ ಬರೆದೆ. ‘ಅವಕಾಶ ಇದ್ದರೆ ತಿಳಿಸಿ’ ಎಂದಲ್ಲ. ಅವರವರ ಮಾತಿಲ್ಲದ ದೃಶ್ಯಕ್ಕೆ ನಾನೇ ಸಂಭಾಷಣೆ ಬರೆದು, ದನಿ ಕೊಟ್ಟು, ಅವರಿಗಷ್ಟೇ ಕಳಿಸಿದೆ. ಹೆಚ್ಚಿನವರು ಮೌನ. ಒಬ್ಬರು ಮಾತ್ರ, ‘ಅಜ್ಜಿಯ ಮಾತು ಇನ್ನೂ ನಿಧಾನ ಇರಲಿ, ಮತ್ತೆ ಕಳಿಸಿ’ ಎಂದಿದ್ದಾರೆ.

ಭಾನುವಾರ ಅದನ್ನು ಮತ್ತೆ ರೆಕಾರ್ಡ್ ಮಾಡಬೇಕು. ಅಷ್ಟರೊಳಗೆ ಎರಡನೇ ಅಧ್ಯಾಯದಲ್ಲಿ ಬಿಟ್ಟುಹೋದ ಸಾಲು ಸೇರಿಸಬೇಕು. ಓದಿದ್ದನ್ನು ಕೇಳಿ ತಪ್ಪು ಹುಡುಕುವ ಲಿಬ್ರಿವಾಕ್ಸ್‌ನವರು ನಿಮಿಷ, ಸೆಕೆಂಡು ಸಮೇತ ಗುರುತು ಮಾಡಿ ಕಳಿಸಿದ್ದಾರೆ.