ಕುರ್ಚಿಗಾಗಿ ಯುದ್ಧ ಮಾಡುವುದುಂಟಾ?

ಕಾರ್ಗಿಲ್ ವಿಜಯ ದಿನವಾದ ಜುಲೈ 26ರಂದು ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕದಲ್ಲಿ ಹೂವಿಟ್ಟು ಹಿಂದಿರುಗುವಾಗ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಜೊತೆಗೆ ಹೆಜ್ಜೆ ಹಾಕುತ್ತಾರೆ ಮತ್ತು ರಸ್ತೆಗೆ ಬರುವಷ್ಟರಲ್ಲಿ ದನಿ ತಗ್ಗಿಸಿ ಕೇಳುತ್ತಾರೆ: "ಸರ್, ನಾಯಕರು ಕುರ್ಚಿ ಉಳಿಸಿಕೊಳ್ಳಲಿಕ್ಕೆಂದೇ ಯುದ್ಧ ಮಾಡುವುದುಂಟಾ?"

ಉಂಟು. ಅದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 1982ರ ಅರ್ಜೆಂಟೀನಾ. ಅಲ್ಲಿ ಜನರಲ್ ಗಾಲ್ಟಿಯೇರಿಯ ಸೇನಾ ಆಡಳಿತವಿತ್ತು. ಬೆಲೆಗಳು ವರ್ಷದೊಳಗೆ ಇಮ್ಮಡಿಯಾಗುತ್ತಿದ್ದವು, ಸೇನೆ ಹಿಡಿದೊಯ್ದ ಸಾವಿರಾರು ಮಂದಿಯ ಸುಳಿವೇ ಇರಲಿಲ್ಲ. ಮಾರ್ಚ್ 30ರಂದು "ಶಾಂತಿ, ರೊಟ್ಟಿ, ಕೆಲಸ" ಎಂದು ಕೂಗುತ್ತ ಬ್ಯೂನಸ್ ಐರಿಸ್‌ನ ಬೀದಿಗಿಳಿದ ಕಾರ್ಮಿಕರನ್ನು ಪೊಲೀಸರು ಹೊಡೆದು ಚದುರಿಸಿದರು. ಮೂರೇ ದಿನಗಳ ನಂತರ, ಏಪ್ರಿಲ್ 2ರಂದು, ಬ್ರಿಟನ್ ಫಾಕ್‌ಲ್ಯಾಂಡ್ ಎಂದೂ ಅರ್ಜೆಂಟೀನಾ ಮಾಲ್ವಿನಾಸ್ ಎಂದೂ ಕರೆಯುವ ದ್ವೀಪಗಳನ್ನು ಸೇನೆ ವಶಪಡಿಸಿಕೊಂಡಿತು. ಅದೇ ನಗರದ ಪ್ಲಾಸಾ ಡಿ ಮಾಯೋ ಚೌಕದಲ್ಲಿ ಜನ ಬಾವುಟ ಬೀಸಿ ಜಯಕಾರ ಹಾಕಿದರು.

ಆ ಜನರನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. ದ್ವೀಪಗಳು ತಮ್ಮವೆಂಬ ಭಾವನೆ, ಬ್ರಿಟನ್ ಅವನ್ನು ಹಿಡಿದ 1833ರಿಂದಲೂ ಅವರ ಎದೆಯಲ್ಲಿತ್ತು, ಗಾಲ್ಟಿಯೇರಿ ಅದನ್ನು ಹುಟ್ಟಿಸಿದ್ದಲ್ಲ. ನಿಜವಾದ ಭಾವನೆಯನ್ನೇ ಹೀಗೆ ಬಳಸಿಕೊಳ್ಳಲು ಬರುತ್ತದೆ. ಜೂನ್ 14ರಂದು ಅವರ ಸೇನೆ ಬ್ರಿಟಿಷ್ ಪಡೆಗೆ ಶರಣಾಗುವಷ್ಟರಲ್ಲಿ ಅರ್ಜೆಂಟೀನಾದ 649 ಮಂದಿ, ಬ್ರಿಟನ್ನಿನ 255 ಮಂದಿ ಸತ್ತಿದ್ದರು. ಕೆಲವೇ ದಿನಗಳಲ್ಲಿ ಗಾಲ್ಟಿಯೇರಿ ಅಧಿಕಾರ ಕಳೆದುಕೊಂಡರು. ಅತ್ತ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮರುವರ್ಷದ ಚುನಾವಣೆಯನ್ನು ಭಾರೀ ಬಹುಮತದಿಂದ ಗೆದ್ದರು.

ಆದರೆ ಎಲ್ಲ ಯುದ್ಧವನ್ನೂ ಇದೇ ಕಣ್ಣಿನಿಂದ ನೋಡುವುದು ತಪ್ಪು. ಕಾರ್ಗಿಲ್ ಯುದ್ಧ ನಮ್ಮ ಮೇಲೆ ಬಂದೆರಗಿದ್ದು. ಅದರಿಂದಲೇ ವಾಜಪೇಯಿ ಗೆದ್ದರೆಂದು ಸಲೀಸಾಗಿ ಹೇಳುವವರಿಗೆ ನಾನು ನೆನಪಿಸುವುದಿಷ್ಟು: 1998ರಲ್ಲೂ 1999ರಲ್ಲೂ ಬಿಜೆಪಿಗೆ ಬಂದ ಸ್ಥಾನ 182, ಮೈತ್ರಿಕೂಟದ ಬಲ ಹೆಚ್ಚಿದ್ದಕ್ಕೆ ಡಿಎಂಕೆ, ತೆಲುಗು ದೇಶಂನಂಥ ಪಕ್ಷಗಳು ಜೊತೆಗೂಡಿದ್ದೂ ಕಾರಣ.

ಇನ್ನೊಂದು ಯುದ್ಧ ನಮ್ಮ ಮನೆಯೊಳಗೇ ಬಂದಿತ್ತು. ಇರಾನಿನೊಂದಿಗಿನ ಎಂಟು ವರ್ಷಗಳ ಕಾಳಗದಿಂದ ಸಾಲದಲ್ಲಿ ಮುಳುಗಿದ್ದ ಇರಾಕಿನ ಸದ್ದಾಂ ಹುಸೇನ್ 1990ರ ಆಗಸ್ಟ್ 2ರಂದು ಕುವೈತಿಗೆ ನುಗ್ಗಿದಾಗ ನನ್ನ ಭಾವ ಅಲ್ಲಿ ಕೆಲಸದಲ್ಲಿದ್ದರು. ಜೋರ್ಡಾನಿನ ಅಮ್ಮಾನ್‌ವರೆಗೆ ರಸ್ತೆಯಲ್ಲಿ ಬಂದು, ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿ, ಮುಂಬಯಿಯಿಂದ ಬಸ್ಸಿನಲ್ಲಿ ಉಡುಪಿಗೆ ಬಂದಿಳಿದರು. ಅಂಗಿಯ ಒಳಜೇಬಿನಲ್ಲಿ ಬೆವರಿಗೆ ಅಂಟಿಕೊಂಡಿದ್ದ ದಿನಾರ್ ನೋಟುಗಳನ್ನು ಅಕ್ಕ ಒಂದೊಂದಾಗಿ ಬಿಡಿಸಿ ಚಾಪೆಯ ಮೇಲೆ ಒಣಗಿಸಿದಳು. ಅವನ್ನು ಬದಲಾಯಿಸಿಕೊಡುವವರು ಯಾರೂ ಸಿಗಲಿಲ್ಲ. ಬಾಗ್ದಾದಿನಲ್ಲಿ ಲೆಕ್ಕ ಹಾಕಿದವರಿಗೆ ಆ ಚಾಪೆ ಕಾಣಿಸಿರಲಾರದು.

ನಾಯಕನ ಮನಸ್ಸಿನಲ್ಲಿ ಏನಿದೆಯೆಂದು ನಾವು ಅಳೆಯಲಾರೆವು. ಆದ್ದರಿಂದ ಯುದ್ಧದ ಹಿಂದಿನ ದಿನ ಜನ ಏನನ್ನು ಕೇಳುತ್ತಿದ್ದರು, ಯುದ್ಧ ಶುರುವಾದ ಮೇಲೆ ಅದನ್ನು ಕೇಳಲು ಬಿಟ್ಟರೇ ಎಂಬುದನ್ನು ಗಮನಿಸಿ ಎನ್ನುತ್ತೇನೆ. ಅರ್ಜೆಂಟೀನಾದಲ್ಲಿ ಸೇನೆ ಹಿಡಿದೊಯ್ದವರ ತಾಯಂದಿರು 1977ರಿಂದ ಪ್ರತಿ ಗುರುವಾರ ಅದೇ ಪ್ಲಾಸಾ ಡಿ ಮಾಯೋ ಚೌಕದಲ್ಲಿ ಬಿಳಿ ತಲೆವಸ್ತ್ರ ಕಟ್ಟಿ ಸುತ್ತುತ್ತಿದ್ದರು. ಯುದ್ಧದ ದಿನಗಳಲ್ಲೂ ಅವರು ಸುಮ್ಮನಾಗಲಿಲ್ಲ. ಆಗ ಅವರು ಎತ್ತಿ ಹಿಡಿದ ಮಾತು: "ಮಾಲ್ವಿನಾಸ್ ಅರ್ಜೆಂಟೀನಾದ್ದು, ಕಾಣೆಯಾದವರೂ ಅರ್ಜೆಂಟೀನಾದವರೇ."