ಬಣ್ಣ ಬರ್ಲಿಲ್ಲ ಅಂದ್ರೆ ನೀರು ಸೇಫಾ?

ನೀರಲ್ಲಿರೋ ವಿಷಕಾರಿ ಅಯಾನುಗಳನ್ನ (ವಿದ್ಯುದಾವೇಶ ಇರೋ ಕಣಗಳನ್ನ) ಬಣ್ಣದಿಂದ, ಹೊಳಪಿಂದ ತೋರಿಸೋ ಸೆನ್ಸರ್ ಡೈಗಳ ಮೇಲೆ ಕೆಲಸ ಮಾಡ್ತೀನಿ ಅಂದ ತಕ್ಷಣ ಎಲ್ರೂ ಕೇಳೋದು ಇದನ್ನೇ: "ಡೈ ಹಾಕಿದ್ಮೇಲೂ ಬಣ್ಣ ಬರ್ಲಿಲ್ಲ ಅಂದ್ರೆ ಆ ನೀರು ಕುಡೀಬಹುದಾ?"

ಇಲ್ಲ, ಅದೊಂದನ್ನೇ ನಂಬ್ಕೊಂಡು ಕುಡೀಬೇಡಿ.

ಪಾದರಸವನ್ನೇ ತಗೊಳ್ಳಿ. ರೋಡಮೀನ್ ಅನ್ನೋ ಡೈಯ ಅಣುವಲ್ಲಿ ಒಂದು ರಿಂಗ್ ಮುಚ್ಚಿಟ್ರೆ ಅದಕ್ಕೆ ಬಣ್ಣಾನೂ ಇರಲ್ಲ ಹೊಳಪೂ ಇರಲ್ಲ, ಆಮೇಲೆ ಅದಕ್ಕೆ ಗಂಧಕ ಇರೋ ಗುಂಪು ಸೇರಿಸಿದ್ರೆ ಪಾದರಸ ಬಂದು ಅಲ್ಲೇ ಅಂಟ್ಕೊಳ್ಳತ್ತೆ, ಯಾಕಂದ್ರೆ ಇವೆರಡರ ನಡುವಿನ ಸೆಳೆತ ಅಷ್ಟು ಜೋರು, ಅಂಟ್ಕೊಂಡಾಗ ರಿಂಗ್ ತೆರ್ಕೊಂಡು ಎಲೆಕ್ಟ್ರಾನುಗಳು ಡೈ ತುಂಬಾ ಹರಡ್ಕೊಳ್ತವೆ, ಗುಲಾಬಿ ಬಣ್ಣ ಬರತ್ತೆ, ಯುವಿ ಲ್ಯಾಂಪ್ ಹಿಡಿದ್ರೆ ಕಿತ್ತಳೆ ಹೊಳಪು. 1997ರಲ್ಲಿ ರಸಾಯನಶಾಸ್ತ್ರಜ್ಞ ಝಾರ್ನಿಕ್ ಅವರ ತಂಡ ತಾಮ್ರಕ್ಕೆ ಇಂಥ ಸೆನ್ಸರ್ ತೋರಿಸಿತ್ತು. ಎಷ್ಟು ಸಲ ನೋಡಿದ್ರೂ ನಂಗೆ ಖುಷಿ ಕೊಡೋ ಕೆಮಿಸ್ಟ್ರಿ ಇದು.

ಆದ್ರೆ ಲೆಕ್ಕ ಹಾಕಿ. ಕುಡಿಯೋ ನೀರಲ್ಲಿ ಇನಾರ್ಗಾನಿಕ್ (ಇಂಗಾಲದ ಜೊತೆ ಸೇರಿರದ) ಪಾದರಸಕ್ಕೆ ಡಬ್ಲ್ಯುಎಚ್‌ಒ ಮಿತಿ ಲೀಟರ್‌ಗೆ 6 ಮೈಕ್ರೋಗ್ರಾಂ, ಅಂದ್ರೆ ಸುಮಾರು 30 ನ್ಯಾನೋಮೋಲಾರ್ (ಒಂದು ಲೀಟರಲ್ಲಿ ಎಷ್ಟು ಕಣ ಇವೆ ಅನ್ನೋ ಅಳತೆ). ಕಣ್ಣಿಗೆ ಬಣ್ಣ ಚೆನ್ನಾಗಿ ಕಾಣೋಕೆ ಸಾಮಾನ್ಯವಾಗಿ ಮೈಕ್ರೋಮೋಲಾರ್ ಮಟ್ಟ ಬೇಕು, ಒಂದು ಮೈಕ್ರೋಮೋಲಾರ್ ಅಂದ್ರೆ ಸಾವಿರ ನ್ಯಾನೋಮೋಲಾರ್. ಮಿತಿಯ ಹತ್ತು ಪಟ್ಟು ವಿಷ ಇದ್ರೂ ಗ್ಲಾಸ್ ತಿಳಿಯಾಗೇ ಕಾಣಬಹುದು! ಫ್ಲೋರೆಸೆನ್ಸ್, ಅಂದ್ರೆ ಯುವಿಯಲ್ಲಿ ಕಾಣೋ ಆ ಹೊಳಪು, ಇದಕ್ಕಿಂತ ಎಷ್ಟೋ ಸೂಕ್ಷ್ಮ, ಕತ್ತಲಲ್ಲಿ ಬೆಳಕು ನೋಡೋದಲ್ವಾ, ಆದ್ರೆ ತಾಮ್ರ ಇದ್ರೆ ಅದು ಎಷ್ಟೋ ಡೈಗಳ ಹೊಳಪನ್ನೇ ಆರಿಸಿಬಿಡತ್ತೆ, ನೀರಲ್ಲಿರೋ ಕ್ಲೋರೈಡ್ ಪಾದರಸವನ್ನ ತನ್ನ ಕಡೆ ಹಿಡ್ಕೊಳ್ಳತ್ತೆ.

ಫ್ಲೋರೈಡ್ ಕಥೆ ಉಲ್ಟಾ. ಮಿತಿ ಲೀಟರ್‌ಗೆ 1.5 ಮಿಲಿಗ್ರಾಂ, ಅಂದ್ರೆ ಹತ್ತಿರತ್ತಿರ 79 ಮೈಕ್ರೋಮೋಲಾರ್, ಕಣ್ಣಿಗೆ ಧಾರಾಳ ಸಾಕು. ಆದ್ರೆ ನೀರಿನ ಅಣುಗಳು ಫ್ಲೋರೈಡನ್ನ ಬಿಗಿಯಾಗಿ ಸುತ್ಕೊಂಡಿರ್ತವೆ, ಹಾಗಾಗಿ ಅಸಿಟೋನೈಟ್ರೈಲ್ ಅನ್ನೋ ದ್ರಾವಕದಲ್ಲಿ ಹಳದಿಯಿಂದ ಕೆಂಪಾಗೋ ಎಷ್ಟೋ ಸೆನ್ಸರ್‌ಗಳು ನೀರಲ್ಲಿ ಸುಮ್ನೆ ಕೂತಿರ್ತವೆ. ಅದಕ್ಕೇ ಯಾವುದೇ ರಿಸರ್ಚ್ ಪೇಪರ್‌ನಲ್ಲಿ ಚೆಂದದ ಬಾಟ್ಲಿ ಫೋಟೋ ನೋಡಿದ್ರೂ ನಾನು ಮೊದ್ಲು ಹುಡುಕೋದು ಯಾವ ದ್ರಾವಕ ಅಂತ.

ಬಣ್ಣ ಬರದ ಸ್ಯಾಂಪಲ್‌ಗೆ ಲ್ಯಾಬಲ್ಲಿ ಗೊತ್ತಿರೋ ಪ್ರಮಾಣದ ಪಾದರಸ ನಾವೇ ಸೇರಿಸ್ತೀವಿ. ಆಗ್ಲೂ ಬರ್ಲಿಲ್ಲ ಅಂದ್ರೆ ಆ ನೀರಲ್ಲಿ ಸೆನ್ಸರೇ ಕೆಲಸ ಮಾಡ್ತಿಲ್ಲ ಅಂತರ್ಥ. ಬಂತು ಅಂದ್ರೂ ಪಾದರಸದ ಬಗ್ಗೆ ಮಾತ್ರ ಏನೋ ಗೊತ್ತಾಯ್ತು, ಆರ್ಸೆನಿಕ್ ಬಗ್ಗೆ, ಬ್ಯಾಕ್ಟೀರಿಯಾ ಬಗ್ಗೆ ಏನೂ ಇಲ್ಲ. ನೂರಾರು ಸ್ಯಾಂಪಲ್‌ಗಳಲ್ಲಿ ಯಾವುದನ್ನ ಮೊದ್ಲು ಲೋಹಗಳನ್ನ ತುಂಬಾ ಸೂಕ್ಷ್ಮವಾಗಿ ಅಳೆಯೋ ಐಸಿಪಿ-ಎಂಎಸ್ ಮಷೀನ್‌ಗೆ ಕಳಿಸ್ಬೇಕು ಅಂತ ಬೇಗ ಆರಿಸೋಕೆ ಈ ಡೈಗಳು ತುಂಬಾ ಉಪಯೋಗ, ಕುಡಿಯೋ ನಿರ್ಧಾರಕ್ಕೆ ಆ ಮಷೀನ್ ರಿಪೋರ್ಟೂ ಉಳಿದ ಟೆಸ್ಟ್‌ಗಳೂ ಬೇಕೇ ಬೇಕು.