ಬ್ಯಾಟರಿ ಇಳಿದ ಕಾರಿನ ಬಾಗಿಲು: ರೋಡ್‌ಸೈಡ್ ಅಸಿಸ್ಟೆನ್ಸ್ ಕೆಲಸ ಕಲಿಸಿದ್ದು

ಬೆಂಗಳೂರಿನಲ್ಲಿ ದಾರಿಯಲ್ಲಿ ನಿಂತುಹೋದ ಕಾರುಗಳಿಗೆ ನೆರವು ನೀಡುವುದು ನನ್ನ ಕೆಲಸ. ‘ಡೋರ್ ಲಾಕ್ ಹಾಳಾಗಿದೆ, ರಿಮೋಟ್ ಒತ್ತಿದರೂ ತೆಗೆಯುತ್ತಿಲ್ಲ’ ಎಂದು ಕರೆ ಬಂದಾಗ ಲಾಕ್ ತೆಗೆಯುವ ಸಾಮಾನಿಗಿಂತ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನೂ, ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದಕ್ಕೆ ವಿದ್ಯುತ್ ಕೊಡುವ ಜಂಪರ್ ಕೇಬಲನ್ನೂ ಚೀಲಕ್ಕೆ ಹಾಕಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಅಂಥ ಕಾರುಗಳಲ್ಲಿ ಅನೇಕ ಬಾರಿ ಲಾಕಿನಲ್ಲಿ ಯಾವ ದೋಷವೂ ಇರುವುದಿಲ್ಲ. ಬ್ಯಾಟರಿ ಇಳಿದಿರುವುದರಿಂದ ಸೆಂಟ್ರಲ್ ಲಾಕ್ ಕೆಲಸ ನಿಲ್ಲಿಸಿರುತ್ತದೆ, ಅಷ್ಟೇ. ಆದರೆ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗೆ, ಬಾನೆಟ್ ತೆರೆಯುವ ಹಿಡಿ ಇರುವುದು ಕಾರಿನ ಒಳಗೆ, ಒಳಗೆ ಹೋಗಲು ಬಾಗಿಲು ತೆರೆಯಬೇಕು. ಬಾಗಿಲಿನ ತೊಂದರೆ ಮತ್ತು ಬ್ಯಾಟರಿಯ ತೊಂದರೆಯನ್ನು ಬೇರೆಬೇರೆಯಾಗಿ ನೋಡಬಾರದೆಂದು ನಾನು ಹೊಸ ಹುಡುಗರಿಗೆ ಹೇಳುವುದು ಈ ಕಾರಣಕ್ಕೆ.

ಮೊದಲು ತಿಳಿಯಬೇಕಾದದ್ದು ವಿದ್ಯುತ್ತು ಎಲ್ಲಿ ಇಲ್ಲ ಎಂಬುದು. ರಿಮೋಟಿನ ಗುಂಡಿ ಒತ್ತಿದಾಗ ಅದರ ಸಣ್ಣ ದೀಪ ಉರಿಯದಿದ್ದರೆ, ಅಥವಾ ಹತ್ತಿರ ಹೋಗಿ ಒತ್ತಿದಾಗ ಮಾತ್ರ ಬಾಗಿಲು ತೆರೆದರೆ, ಅದು ರಿಮೋಟಿನ ಸೆಲ್ ಮುಗಿದ ಲಕ್ಷಣ. ಬಹಳಷ್ಟು ರಿಮೋಟುಗಳಲ್ಲಿರುವುದು ಸಿಆರ್ 2032 ಎಂಬ 3 ವೋಲ್ಟಿನ ಬಟನ್ ಸೆಲ್, ಅದು ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ರಿಮೋಟಿನ ದೀಪ ಚೆನ್ನಾಗಿ ಉರಿಯುತ್ತಿದ್ದು, ಕಾರಿನ ಇಂಡಿಕೇಟರ್ ಮಿನುಗದೆ, ಒಳಗಿನ ಸೆಕ್ಯೂರಿಟಿ ದೀಪವೂ ಆರಿದ್ದರೆ ಕಾರಿನ ಬ್ಯಾಟರಿಯನ್ನೇ ಸಂಶಯಿಸಬೇಕು. ಮೂರು ಬಾಗಿಲುಗಳು ತೆರೆದು ಒಂದೇ ಬಾಗಿಲು ಹಟ ಹಿಡಿದರೆ ಮಾತ್ರ ದೋಷ ಆ ಬಾಗಿಲಿನದು: ಒಳಗಿನ ಸಣ್ಣ ಮೋಟರ್ ಕೆಟ್ಟಿರಬಹುದು, ಅಥವಾ ಬಾಗಿಲಿಗೂ ಅದನ್ನು ಜೋಡಿಸಿದ ಕಾರಿನ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯಲ್ಲಿ ಹಾದುಹೋಗುವ ವೈರು ದಿನವೂ ಮಡಚಿ ಬಿಚ್ಚಿ ತುಂಡಾಗಿರಬಹುದು. ಬಾಗಿಲನ್ನು ಸ್ವಲ್ಪ ಆಡಿಸುತ್ತ ಗುಂಡಿ ಒತ್ತಿದಾಗ ಲಾಕ್ ಒಮ್ಮೆ ಕೆಲಸ ಮಾಡಿ ಮತ್ತೊಮ್ಮೆ ಮಾಡದಿದ್ದರೆ ಆ ವೈರಿನ ಮೇಲೆಯೇ ಗುಮಾನಿ.

ಬ್ಯಾಟರಿಯೇ ಇಳಿದಿದ್ದರೆ ನೆನಪಾಗಬೇಕಾದದ್ದು ಲೋಹದ ಕೀ. ಸ್ಮಾರ್ಟ್ ಕೀಯ ಬದಿಯಲ್ಲಿರುವ ಚಿಕ್ಕ ತಡೆಯನ್ನು ಸರಿಸಿದರೆ ಅದರ ಹೊಟ್ಟೆಯಿಂದ ಒಂದು ಸಣ್ಣ ಕೀ ಹೊರಬರುತ್ತದೆ; ಕೀ ತೂತು ಸಾಮಾನ್ಯವಾಗಿ ಚಾಲಕನ ಬಾಗಿಲಿನಲ್ಲಿರುತ್ತದೆ, ಕೆಲವು ಕಾರುಗಳಲ್ಲಿ ಹಿಡಿಕೆಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುತ್ತದೆ. ನನಗೆ ನಿಜವಾಗಿ ಬೇಸರ ತರಿಸುವ ಸಂಗತಿ ಇಲ್ಲಿದೆ. ಕಾರು ಕೊಂಡ ದಿನದಿಂದ ಆ ತೂತಿಗೆ ಕೀ ಹಾಕದವರೇ ಹೆಚ್ಚು. ಧೂಳು, ಮಳೆ, ಕರಾವಳಿಯಲ್ಲಾದರೆ ಉಪ್ಪುಗಾಳಿ, ಎಲ್ಲವೂ ಸೇರಿ ಲಾಕಿನ ಒಳಗಿನ ಲೋಹದ ಸಣ್ಣ ಎಲೆಗಳು ಬಿಗಿದುಕೊಂಡಿರುತ್ತವೆ. ಅವಶ್ಯವಿದ್ದ ದಿನ ಕೀ ತಿರುಗುವುದಿಲ್ಲ, ಬಲವಾಗಿ ತಿರುಗಿಸಿದರೆ ಒಳಗೇ ಮುರಿಯುತ್ತದೆ. ತಿಂಗಳಿಗೊಮ್ಮೆಯಾದರೂ ರಿಮೋಟನ್ನು ಜೇಬಿನಲ್ಲಿಟ್ಟು ಕೀಯಿಂದಲೇ ಬಾಗಿಲು ತೆರೆಯಿರಿ ಎಂದು ಪ್ರತಿಯೊಬ್ಬ ಗ್ರಾಹಕರಿಗೂ ಹೇಳಿ ಬರುತ್ತೇನೆ. ಬಿಗಿಯಾಗಿದ್ದರೆ ಗ್ರಾಫೈಟ್ ಪುಡಿ ಹಾಕಬೇಕು. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಿಟ್ಟರೆ ಮೊದಮೊದಲು ಸಲೀಸೆನಿಸಿದರೂ ಅದು ಧೂಳನ್ನು ಹಿಡಿದಿಟ್ಟು ಮತ್ತಷ್ಟು ಗಟ್ಟಿಯಾಗುತ್ತದೆ.

ಕೀ ಕೈಕೊಟ್ಟಾಗ ಗಾಜಿಗೂ ರಬ್ಬರಿಗೂ ನಡುವೆ ಸ್ಟೀಲ್ ಪಟ್ಟಿ ಇಳಿಸುವ ಹಳೆಯ ವಿದ್ಯೆಯನ್ನು ಈಗಿನ ಕಾರುಗಳ ಮೇಲೆ ಪ್ರಯೋಗಿಸಬೇಡಿ. ಬಾಗಿಲಿನೊಳಗೆ ಪವರ್ ವಿಂಡೋ, ಸ್ಪೀಕರ್, ಸೆನ್ಸರ್‌ಗಳ ವೈರುಗಳಿರುತ್ತವೆ. ಒಂದು ವೈರು ಕಿತ್ತುಬಂದರೆ ಮುಂದಿನ ಖರ್ಚು ಹೊಸ ಲಾಕಿಗಿಂತ ಹೆಚ್ಚಾಗುತ್ತದೆ. ನಾವು ಗಾಳಿ ತುಂಬುವ ಚೀಲದಿಂದ ಬಾಗಿಲಿನ ಮೇಲಂಚನ್ನು ಸ್ವಲ್ಪವೇ ಸರಿಸಿ, ಉದ್ದನೆಯ ಕಡ್ಡಿಯಿಂದ ಒಳಹಿಡಿಕೆಯನ್ನು ಎಳೆಯುತ್ತೇವೆ. ಅದಕ್ಕೂ ಮೊದಲು ಕಾರಿನ ಆರ್‌ಸಿ ಮತ್ತು ಗುರುತಿನ ಚೀಟಿ ಕೇಳುತ್ತೇವೆ. ಡಿಜಿಲಾಕರ್‌ನಲ್ಲಿ ತೋರಿಸಿದರೂ ಸಾಕು, ಆದರೆ ತೋರಿಸದೆ ತೆರೆಯುವುದಿಲ್ಲ. ಇದಕ್ಕೆ ಸಿಟ್ಟಾಗುವವರಿದ್ದಾರೆ, ಆದರೂ ಆ ನಿಯಮ ಅವರ ಕಾರನ್ನೇ ಕಾಯುತ್ತದೆ.

ಮಗುವೋ ವೃದ್ಧರೋ ಒಳಗೆ ಸಿಕ್ಕಿಕೊಂಡಿದ್ದರೆ ಮೇಲಿನ ತಾಳ್ಮೆಯ ಮಾತು ಯಾವುದೂ ಅನ್ವಯಿಸುವುದಿಲ್ಲ. ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗಿನ ತಾಪಮಾನ ಒಂದು ಗಂಟೆಯಲ್ಲಿ ಸುಮಾರು 20 ಡಿಗ್ರಿ ಏರಬಲ್ಲದು, ಅದರ ಬಹುಪಾಲು ಏರುವುದು ಮೊದಲ ಅರ್ಧ ಗಂಟೆಯಲ್ಲೇ. 112ಕ್ಕೆ ಕರೆ ಮಾಡಿ, ನಮಗಾಗಿ ಕಾಯದೆ, ಒಳಗಿರುವವರಿಂದ ದೂರದ ಪಕ್ಕದ ಗಾಜನ್ನು ಅದರ ಮೂಲೆಯಲ್ಲಿ ಗಟ್ಟಿಯಾದ ಮೊನೆಯಿಂದ ಹೊಡೆದು ಒಡೆಯಬೇಕು. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ಅದನ್ನು ಒಡೆಯಲು ಹೋಗಿ ಸಮಯ ಕಳೆಯಬಾರದು.

ಬಾಗಿಲು ತೆರೆದ ಮೇಲೆ ಬ್ಯಾಟರಿಯ ಸರದಿ. ಕೀಯಿಂದ ತೆರೆದ ಕಾರಿಗೆ ವಿದ್ಯುತ್ ಬಂದೊಡನೆ ಅಲಾರಂ ಕೂಗುವುದುಂಟು, ಗಾಬರಿಯಾಗದೆ ರಿಮೋಟಿನಲ್ಲಿ ಅನ್‌ಲಾಕ್ ಒತ್ತಿದರೆ ನಿಲ್ಲುತ್ತದೆ. ಕೆಲವು ಕಾರುಗಳ ಬಾಗಿಲುಗಳು ಆ ಕ್ಷಣದಲ್ಲಿ ತಾವಾಗಿ ಲಾಕ್ ಆಗುವುದೂ ಇದೆ, ಆದ್ದರಿಂದ ಕೀ ಕೈಯಲ್ಲೇ ಇರಬೇಕು. ನಿಂತ ಕಾರಿನ ಬ್ಯಾಟರಿ ಚೆನ್ನಾಗಿದ್ದರೆ ಮೀಟರ್ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ, 11.8ರ ಕೆಳಗೆ ಬಂದರೆ ಪೂರ್ತಿ ಖಾಲಿ ಎಂದೇ ಎಣಿಸಬೇಕು. ಜಂಪ್ ಮಾಡುವಾಗ ಕೆಂಪು ಕೇಬಲನ್ನು ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ನಂತರ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಕಚ್ಚಿಸಿ, ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಹಾಕಿ, ಅದರ ಕೊನೆಯ ತುದಿಯನ್ನು ನಿಂತ ಕಾರಿನ ಬ್ಯಾಟರಿಗಲ್ಲದೆ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಬೇಕು. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ. ಅದಕ್ಕಾಗಿ ಆ ದೂರ. ಎಂಜಿನ್ ಶುರುವಾದ ಮೇಲೆ ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಕಾಣಬೇಕು; ಕಾಣದಿದ್ದರೆ, ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲವೆಂದು ಸಂಶಯಿಸಬೇಕು. ಈ ಅಳತೆ ತೆಗೆದುಕೊಳ್ಳದೆ ಹೊಸ ಬ್ಯಾಟರಿ ಮಾರುವವರ ಮಾತನ್ನು ನಂಬಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಅಮೆರಿಕದ ಮಕ್ಕಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಬರುವ ಹಿರಿಯರ ಕರೆಗಳು ನಮಗೆ ಚಿರಪರಿಚಿತ. ನಿಂತ ಕಾರೂ ಅಲಾರಂ, ಕಂಪ್ಯೂಟರುಗಳಿಗಾಗಿ ಸ್ವಲ್ಪ ವಿದ್ಯುತ್ ಹೀರುತ್ತಿರುತ್ತದೆ. 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್ ಅವರ್ (ಬ್ಯಾಟರಿಯಲ್ಲಿರುವ ಚಾರ್ಜಿನ ಅಳತೆ) ಹೋಗುತ್ತದೆ. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಒಂದು ತಿಂಗಳು ತಾಳಲಾರದು. ನೇರ ವೈರು ಎಳೆದ ಡ್ಯಾಶ್‌ಕ್ಯಾಮ್ ಕಾಲು ಆಂಪಿಯರ್ ಎಳೆಯುತ್ತಿದ್ದರೆ ವಾರವೂ ಕಷ್ಟ. ಹೋಗುವ ಮುನ್ನ ಮೈನಸ್ ಟರ್ಮಿನಲ್ ಬಿಚ್ಚಿಸಿ, ಬಾಗಿಲನ್ನು ಲೋಹದ ಕೀಯಿಂದ ಲಾಕ್ ಮಾಡಿದರೆ ಆ ಕೀ ತಿರುಗುತ್ತದೆಯೋ ಇಲ್ಲವೋ ಎಂಬುದೂ ಅಂದೇ ಗೊತ್ತಾಗುತ್ತದೆ.

ಈಚೆಗೆ ಎಲೆಕ್ಟ್ರಿಕ್ ಕಾರುಗಳವರೂ ಕರೆಯತೊಡಗಿದ್ದಾರೆ. ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದೂ ಬಾಗಿಲೇಕೆ ತೆರೆಯುತ್ತಿಲ್ಲ ಎಂಬುದು ಅವರ ಪ್ರಶ್ನೆ. ಲಾಕನ್ನೂ ಕಾರಿನ ಕಂಪ್ಯೂಟರನ್ನೂ ಎಬ್ಬಿಸುವುದು ಅಲ್ಲಿಯೂ 12 ವೋಲ್ಟಿನ ಚಿಕ್ಕ ಬ್ಯಾಟರಿಯೇ; ಅದು ಇಳಿದರೆ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲುಗಳ ಹತ್ತಿರವೂ ಸುಳಿಯದೆ, ಆ ಚಿಕ್ಕ ಬ್ಯಾಟರಿಗೆ ಮಾತ್ರ, ಮ್ಯಾನುವಲ್‌ನಲ್ಲಿ ತೋರಿಸಿದ ಜಾಗದಿಂದ ವಿದ್ಯುತ್ ಕೊಡಬೇಕು.